ಚೆಂಡು ಬಿಡುವುದನ್ನು ದ್ರಾವಿಡ್ ಅವರಿಂದ ಕಲಿತ ಬಗೆ

ಬೆಂಗಳೂರಿನ ಲೀಗ್ ಪಂದ್ಯಗಳಲ್ಲಿ ಇನಿಂಗ್ಸ್ ಆರಂಭಿಸುತ್ತಿದ್ದ ನಾನು 2002ರಲ್ಲಿ ಬಹುತೇಕ ಒಂದೇ ಬಗೆಯಲ್ಲಿ ಔಟಾಗುತ್ತಿದ್ದೆ. ಆಫ್ ಸ್ಟಂಪಿನ, ಅಂದರೆ ಬ್ಯಾಟರನ ಕಾಲುಗಳಿಂದ ದೂರದ ಬದಿಯ ಸ್ಟಂಪಿನ, ಆಚೆ ಹೋಗುವ ಚೆಂಡಿಗೆ ಬ್ಯಾಟ್ ಚಾಚಿ ಕೀಪರ್‌ಗೋ ಸ್ಲಿಪ್‌ಗೋ ಕ್ಯಾಚ್ ಕೊಡುತ್ತಿದ್ದೆ. ಆ ಆಗಸ್ಟಿನಲ್ಲಿ ಇಂಗ್ಲೆಂಡ್ ವಿರುದ್ಧ ಅಲ್ಲಿನ ಹೆಡಿಂಗ್ಲೆಯಲ್ಲಿ ಭಾರತ ಆಡಿದ ಟೆಸ್ಟನ್ನು ಟೀವಿಯಲ್ಲಿ ನೋಡಿದೆ. ಮೋಡ ಕವಿದಿದ್ದರೂ, ಪಿಚ್ಚಿನಲ್ಲಿ ತೇವವಿದ್ದರೂ ಭಾರತ ಟಾಸ್ ಗೆದ್ದು ಬ್ಯಾಟಿಂಗನ್ನೇ ಆಯ್ದುಕೊಂಡಿತ್ತು. ಸೆಹ್ವಾಗ್ ಬೇಗನೆ ಔಟಾದ ಮೇಲೆ ಬಂದ ರಾಹುಲ್ ದ್ರಾವಿಡ್ ಅವರು ಸಂಜಯ್ ಬಂಗಾರ್ ಅವರೊಂದಿಗೆ 170 ರನ್ ಸೇರಿಸಿ, 148 ರನ್ ಗಳಿಸಿದರು. ಭಾರತ ಇನಿಂಗ್ಸ್ ಮತ್ತು 46 ರನ್‌ಗಳಿಂದ ಗೆದ್ದಿತು.

ಅಂದು ನನ್ನನ್ನು ಹಿಡಿದು ಕೂರಿಸಿದ್ದು ಅವರ ಹೊಡೆತಗಳಿಗಿಂತ ಹೆಚ್ಚಾಗಿ ಅವರು ಬ್ಯಾಟ್ ತಾಗಿಸದೆ ಬಿಟ್ಟ ಚೆಂಡುಗಳು. ಹಿಂದಿನ ಕಾಲು ಆಫ್ ಸ್ಟಂಪಿನತ್ತ ಸರಿಯುತ್ತಿತ್ತು, ತಲೆ ಅದರ ನೇರಕ್ಕೆ ಬರುತ್ತಿತ್ತು, ಕೈಗಳು ಮೈಗೆ ಹತ್ತಿರವೇ ಇರುತ್ತಿದ್ದವು. ಕಣ್ಣಿನ ನೇರಕ್ಕಿಂತ ಆಚೆ ಹೋದದ್ದು ಸ್ಟಂಪಿಗೆ ತಾಗುವುದಿಲ್ಲವೆಂಬುದು ಅವರಿಗೆ ಖಚಿತವಿದ್ದಂತಿತ್ತು.

ಮರುವಾರ ನೆಟ್ಸ್‌ಗೆ ಹೋಗಿ, ಆಫ್ ಸ್ಟಂಪಿನಿಂದ ಬೌಲರ್ ಕಡೆಗೆ, ಪಿಚ್ಚಿಗೆ ಹಾಸಿದ ಮ್ಯಾಟಿನ ಮೇಲೆ ಸುಣ್ಣದ ಗೆರೆ ಎಳೆದೆ. ಲೆಗ್ ಸ್ಟಂಪಿನ ನೇರಕ್ಕೆ ಬ್ಯಾಟ್ ಊರಿ ನಿಲ್ಲುವುದನ್ನು ಬಿಟ್ಟು ಮಿಡಲ್ ಸ್ಟಂಪಿನ ನೇರಕ್ಕೆ ಬಂದೆ. ಗೆಳೆಯನೊಬ್ಬ ದಿನಕ್ಕೆ ಅರವತ್ತು ಚೆಂಡುಗಳನ್ನು ಎಸೆಯುತ್ತಿದ್ದ. ಗೆರೆಯ ಆಚೆ ಬಂದದ್ದನ್ನು ‘ಬಿಟ್ಟೆ’ ಎಂದು ಗಟ್ಟಿಯಾಗಿ ಹೇಳಿ ಬಿಡಬೇಕು, ಚೆಂಡು ನೆಟ್ಟಿಗೆ ಬಡಿಯುವವರೆಗೂ ಅದರ ಮೇಲಿನ ಕಣ್ಣು ತೆಗೆಯಬಾರದು, ಇದೇ ನಮ್ಮ ನಿಯಮ. ಮೊದಲ ಹದಿನೈದು ದಿನ ಒಳಕ್ಕೆ ತಿರುಗಿದ ಚೆಂಡುಗಳಿಗೆ ಮತ್ತೆ ಮತ್ತೆ ಬೌಲ್ಡ್ ಆದೆ. ಗೆರೆಯನ್ನಷ್ಟೇ ನೋಡಿದರೆ ಸಾಲದು, ಬೌಲರನ ಮಣಿಕಟ್ಟನ್ನೂ ಚೆಂಡು ಪುಟಿಯುವ ಎತ್ತರವನ್ನೂ ಓದಬೇಕೆಂದು ತಿಳಿದದ್ದು ಆಗಲೇ. ಮ್ಯಾಟಿಂಗ್ ವಿಕೆಟ್ಟಿನಲ್ಲಿ ಪುಟಿತ ಹೆಚ್ಚಾದ್ದರಿಂದ, ಉದ್ದವನ್ನು, ಅಂದರೆ ಚೆಂಡು ನೆಲಕ್ಕೆ ಬೀಳುವ ಜಾಗವನ್ನು, ನೋಡಿ ಬಿಡುವ ಧೈರ್ಯ ನಿಧಾನವಾಗಿ ಬಂತು.

2003ರ ಡಿಸೆಂಬರಿನಲ್ಲಿ ಅಡಿಲೇಡ್ ಟೆಸ್ಟನ್ನು ನೋಡಲು ಬೆಳಗಿನ ಜಾವವೇ ಏಳುತ್ತಿದ್ದೆ. ಆಸ್ಟ್ರೇಲಿಯಾದ 556 ರನ್‌ಗಳಿಗೆ ಎದುರಾಗಿ ಭಾರತ 85ಕ್ಕೆ 4 ವಿಕೆಟ್ ಕಳೆದುಕೊಂಡಿದ್ದಾಗ, ದ್ರಾವಿಡ್ ಮತ್ತು ಲಕ್ಷ್ಮಣ್ 303 ರನ್ ಸೇರಿಸಿದರು. ದ್ರಾವಿಡ್ 446 ಎಸೆತಗಳಲ್ಲಿ 233 ರನ್ ಗಳಿಸಿದರು, ಎರಡನೆಯ ಇನಿಂಗ್ಸಿನಲ್ಲಿ ಅಜೇಯ 72 ರನ್‌ಗಳೊಂದಿಗೆ ಗೆಲುವು ತಂದರು. ಟೆಸ್ಟ್ ಕ್ರಿಕೆಟ್ಟಿನಲ್ಲಿ ಅವರಷ್ಟು ಎಸೆತಗಳನ್ನು, ಅಂದರೆ 31,258 ಎಸೆತಗಳನ್ನು, ಎದುರಿಸಿದವರು ಬೇರಾರೂ ಇಲ್ಲ. ಅವರ 13,288 ರನ್‌ಗಳಿಗಿಂತ ಈ ಸಂಖ್ಯೆಯೇ ನನಗೆ ದೊಡ್ಡದು. ಅವರನ್ನು ‘ಗೋಡೆ’ ಎಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಯಾವುದನ್ನು ಆಡಬೇಕು, ಯಾವುದನ್ನು ಬಿಡಬೇಕು ಎಂದು ಗೋಡೆ ತೀರ್ಮಾನಿಸುವುದಿಲ್ಲ.

ಮುಂದಿನ ಲೀಗ್ ಋತುವಿನ ಒಂದು ಪಂದ್ಯದಲ್ಲಿ ಹೊಸ ಚೆಂಡಿನ ಮೊದಲ ಆರು ಓವರುಗಳಲ್ಲಿ ನಾನು ಹದಿನಾಲ್ಕು ಚೆಂಡುಗಳನ್ನು ಬಿಟ್ಟೆ. ಏಳನೆಯ ಓವರಿನಲ್ಲಿ ಬೌಲರ್ ತಾಳ್ಮೆಗೆಟ್ಟು ಸ್ಟಂಪಿನ ನೇರಕ್ಕೆ ಎಸೆಯತೊಡಗಿದ. ಪ್ಯಾಡಿನ ಮೇಲೆ ಬಂದ ಮೊದಲ ಚೆಂಡನ್ನು ಮಣಿಕಟ್ಟು ತಿರುಗಿಸಿ ಮಿಡ್‌ವಿಕೆಟ್ಟಿನತ್ತ ತಳ್ಳಿ ಎರಡು ರನ್ ಓಡಿದೆ.