ಹಳೆಯ ಚರ್ಮದ ಜಾಕೆಟ್‌ನಿಂದ ಬಣ್ಣದ ಚಿತ್ರವನ್ನು ತೆಗೆಯುವ ಬಗೆ

ಹಳೆಯ ಚರ್ಮದ ಜಾಕೆಟ್‌ನ ಬೆನ್ನಿನ ಮೇಲೆ ಯಾರೋ ಬರೆದ ಚಿತ್ರ ನಿಮಗೆ ಬೇಡವೆನಿಸಿದರೆ, ಸ್ಪಿರಿಟ್ ಬಾಟಲಿಗೆ ಕೈಹಾಕುವ ಮೊದಲು ಆ ಚಿತ್ರ ಯಾವ ಕಾಲದ್ದೆಂದು ತಿಳಿದುಕೊಳ್ಳಿ. ಅಮೆರಿಕದ ಸೇನಾ ವಾಯುದಳ 1931ರಲ್ಲಿ ಅಳವಡಿಸಿಕೊಂಡ ಎ-2 ಜಾಕೆಟ್‌ಗಳ ಬೆನ್ನಿನ ಮೇಲೆ ಎರಡನೆಯ ಮಹಾಯುದ್ಧದ ವೈಮಾನಿಕರು ತಮ್ಮ ವಿಮಾನದ ಹೆಸರನ್ನೂ, ಅದರ ಮೂತಿಯ ಮೇಲಿದ್ದ ಚಿತ್ರವನ್ನೂ, ಮುಗಿಸಿ ಬಂದ ದಾಳಿಗೆ ಒಂದೊಂದರಂತೆ ಪುಟ್ಟ ಬಾಂಬುಗಳ ಸಾಲನ್ನೂ ಬರೆಸಿಕೊಳ್ಳುತ್ತಿದ್ದರು. ಅಂಥ ಚಿತ್ರವನ್ನು ದಯವಿಟ್ಟು ಮುಟ್ಟಬೇಡಿ; ಅದು ಒಬ್ಬ ಮನುಷ್ಯ ಬದುಕಿ ಬಂದದ್ದರ ದಾಖಲೆ. ನಮ್ಮ ಊರಿನ ಹಳೆಯ ಪೆಟ್ಟಿಗೆಯಲ್ಲಿ ಅದೆಲ್ಲಿ ಸಿಕ್ಕೀತು ಎನ್ನುವಂತೆಯೂ ಇಲ್ಲ, ಏಕೆಂದರೆ 1943ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆಗೆ ವಹಿಸಲಾಗಿತ್ತು, ಅವರ ವಿಮಾನಗಳು ಇಲ್ಲಿಯೇ ದುರಸ್ತಿಯಾಗುತ್ತಿದ್ದವು.

ಕಾಲವನ್ನು ಗುರುತಿಸಲು ಒಂದು ಸುಲಭ ಪರೀಕ್ಷೆಯಿದೆ. ಕಲಾವಿದರು ಬಳಸುವ, ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣ ಮಾರುಕಟ್ಟೆಗೆ ಬಂದದ್ದು 1950ರ ದಶಕದ ನಡುಭಾಗದಲ್ಲಿ. ಯುದ್ಧಕಾಲದ ಚಿತ್ರಗಳು ಎಣ್ಣೆಬಣ್ಣ ಅಥವಾ ಎನಾಮೆಲ್‌ನವು. ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ, ಹಿಂಡಿ, ಚಿತ್ರದ ಅಂಚಿನಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಅಕ್ರಿಲಿಕ್ ಆಗಿದ್ದರೆ ಅದು ಅಂಟಂಟಾಗಿ ಹತ್ತಿಗೆ ಬಣ್ಣ ಬಿಡುತ್ತದೆ. ದಶಕಗಳಿಂದ ಒಣಗಿದ ಎಣ್ಣೆಬಣ್ಣ ಸಾಮಾನ್ಯವಾಗಿ ಜಗ್ಗುವುದಿಲ್ಲ. ಜಗ್ಗದಿದ್ದರೆ ಅಲ್ಲಿಗೇ ನಿಲ್ಲಿಸಿ, ವಸ್ತುಸಂರಕ್ಷಣೆ ಬಲ್ಲವರಿಗೆ ತೋರಿಸಿ. ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆಯಿರುವುದರಿಂದ ಅದನ್ನು ಕೆರೆಯುವುದಾಗಲಿ ಉಜ್ಜುಕಾಗದದಿಂದ ತಿಕ್ಕುವುದಾಗಲಿ ಸಲ್ಲದು.

ಚರ್ಮವನ್ನೂ ಪರೀಕ್ಷಿಸಬೇಕು. ಮರೆಯಾದ ಜಾಗದಲ್ಲಿ ಒಂದು ಹನಿ ನೀರು ಬಿಟ್ಟಾಗ ಅದು ಹಾಗೆಯೇ ನಿಂತರೆ ಚರ್ಮದ ಮೇಲೆ ರಕ್ಷಣೆಯ ಲೇಪನವಿದೆ ಎಂದರ್ಥ. ಕೂಡಲೇ ಇಂಗಿದರೆ ಬಣ್ಣವೂ ಒಳಗಿಳಿದಿರುತ್ತದೆ, ಪೂರ್ತಿ ಬರುವುದಿಲ್ಲ. ಮಖಮಲ್ಲಿನಂತೆ ನವಿರು ಜುಂಗಿರುವ ಸ್ವೀಡ್ ಚರ್ಮದ ಮೇಲೆ ಈ ಕೆಲಸವನ್ನು ಮಾಡಲೇಬೇಡಿ. ಬೆರಳಿಗೆ ಕೆಂಪು ಪುಡಿ ಅಂಟುವಷ್ಟು ಶಿಥಿಲವಾದ ಚರ್ಮಕ್ಕೆ ದ್ರವ ತಾಗಿದರೆ ಅದು ಕಪ್ಪಾಗಿ ಬಿರುಸಾಗುತ್ತದೆ.

ಇನ್ನು 1980ರ ದಶಕದ ಜಾಕೆಟ್, ಮೇಲೊಂದು ಅಕ್ರಿಲಿಕ್ ಚಿತ್ರ ಎಂದಿಟ್ಟುಕೊಳ್ಳೋಣ. ಕಿಟಕಿಗಳನ್ನು ತೆರೆಯಿರಿ, ಹತ್ತಿರದಲ್ಲಿ ದೀಪ, ಊದುಬತ್ತಿ ಯಾವುದೂ ಉರಿಯುತ್ತಿರಬಾರದು. ಕೈಗವಸು ತೊಟ್ಟು, ಜಾಕೆಟ್‌ನ ಒಳಗೆ ಮಡಿಸಿದ ಟವೆಲ್ ಇಟ್ಟು ಮೇಜಿನ ಮೇಲೆ ಹರಡಿ. ಶೇಕಡ 70ರ ಆಲ್ಕೋಹಾಲ್ ಸಾಕು. ಮೊದಲು ಕಾಲರಿನ ಅಡಿಯಲ್ಲಿ ಹಚ್ಚಿ ನೋಡಿ. ಉಗುರುಬಣ್ಣ ತೆಗೆಯುವ ಅಸಿಟೋನ್, ಥಿನ್ನರ್, ಹೇರ್ ಡ್ರೈಯರ್ ಮೂರೂ ಬೇಡ: ಮೊದಲೆರಡು ಲೇಪನವನ್ನೇ ಕಿತ್ತುಹಾಕುತ್ತವೆ, ಮೂರನೆಯದು ಒದ್ದೆ ಚರ್ಮವನ್ನು ಕುಗ್ಗಿಸುತ್ತದೆ.

ಎರಡು ರೂಪಾಯಿ ನಾಣ್ಯದಷ್ಟು ಜಾಗವನ್ನು ಮಾತ್ರ ಒಮ್ಮೆಗೆ ಹಿಡಿಯಿರಿ. ತೇವದ ಹತ್ತಿಯನ್ನು ಅಲ್ಲಿ ಇಪ್ಪತ್ತು ಮೂವತ್ತು ಸೆಕೆಂಡ್ ಇಟ್ಟು ತೆಗೆದರೆ ಬಣ್ಣ ಮೆತ್ತಗಾಗಿ ಸುಕ್ಕುಗಟ್ಟುತ್ತದೆ, ಕಾಯಿಸಿದ ಹಾಲಿನ ಕೆನೆಯಂತೆ. ಆಗ ತುದಿ ಮೊಂಡಾದ ಬಿದಿರುಕಡ್ಡಿಯನ್ನು ಓರೆಯಾಗಿ ಹಿಡಿದು ಹೊರ ಅಂಚಿನಿಂದ ಒಳಕ್ಕೆ ಸುರುಳಿ ಎತ್ತಬೇಕು. ಒಳಗಿನಿಂದ ಹೊರಕ್ಕೆ ಬಂದರೆ ಕರಗಿದ ಬಣ್ಣ ಸ್ವಚ್ಛವಾದ ಚರ್ಮದ ಮೇಲೆ ಹರಡುತ್ತದೆ. ಉಳಿದದ್ದನ್ನು ಹೊಸ ಹತ್ತಿಕಡ್ಡಿಯಿಂದ ಉಜ್ಜದೆ, ಉರುಳಿಸಿ ತೆಗೆಯಿರಿ. ಅಂಗೈಯಗಲದ ಚಿತ್ರಕ್ಕೆ ಒಂದು ಸಂಜೆಯೇ ಬೇಕಾದೀತು, ಹತ್ತಿಕಡ್ಡಿಗಳೂ ನೂರರ ಲೆಕ್ಕದಲ್ಲಿ ಹೋದಾವು.

ಕಣ್ಣು ಸದಾ ಆ ಹತ್ತಿಯ ಮೇಲಿರಬೇಕು. ಚರ್ಮದ ಕಾರ್ಖಾನೆಗಳು ಹಚ್ಚುವ ಲೇಪನದಲ್ಲೂ ಎಷ್ಟೋ ಬಾರಿ ಅಕ್ರಿಲಿಕ್ಕೇ ಇರುವುದರಿಂದ ಚಿತ್ರವನ್ನು ಕರಗಿಸುವ ದ್ರವ ಅದನ್ನೂ ಕರಗಿಸುತ್ತದೆ. ನನ್ನ ಮೊದಲ ಜಾಕೆಟ್‌ನ ಮೇಲೆ ಕೆಂಪು ರೆಕ್ಕೆಯ ಹದ್ದು ಇತ್ತು. ಹತ್ತಿ ಅಚ್ಚ ಕೆಂಪಾಗಿ ಬರುತ್ತಿದ್ದದ್ದು ನಿಧಾನವಾಗಿ ಕಂದು ತಿರುಗಿದಾಗ, ರೆಕ್ಕೆಯ ಬಣ್ಣ ಇನ್ನೂ ಉಳಿದಿದೆ ಎಂದುಕೊಂಡು ನಾನು ಉಜ್ಜುತ್ತಲೇ ಹೋದೆ. ಆ ಕಂದು ಜಾಕೆಟ್‌ನದೇ ಬಣ್ಣವಾಗಿತ್ತು. ಎಡಭುಜದ ಕೆಳಗೆ ಇಂದಿಗೂ ಒಂದು ಬಿಳಿಚಿದ ಕಲೆ ಇದೆ. ಹತ್ತಿಯಲ್ಲಿ ಜಾಕೆಟ್‌ನ ಬಣ್ಣ ಕಂಡ ಕ್ಷಣವೇ ಕೈ ನಿಲ್ಲಿಸಿ, ಚಿತ್ರದ ಚೂರು ಉಳಿದಿದ್ದರೂ ಸರಿಯೇ. ಚರ್ಮದ ರಂಧ್ರ ಮತ್ತು ಹೊಲಿಗೆಯ ದಾರದಲ್ಲಿ ಸಿಕ್ಕಿಕೊಂಡ ಬಣ್ಣವನ್ನು ಮರುದಿನ ಮೃದುವಾದ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬಹುದು.

ಆಲ್ಕೋಹಾಲ್ ಚರ್ಮದ ಜಿಡ್ಡನ್ನೂ ಎಳೆದುಕೊಳ್ಳುತ್ತದೆ. ಒಂದು ರಾತ್ರಿ ನೆರಳಿನಲ್ಲಿ ಆರಿದ ಮೇಲೆ ಚರ್ಮದ ಕಂಡೀಷನರ್ ಅನ್ನು ತೆಳುವಾಗಿ, ಎರಡು ದಿನಗಳ ಅಂತರದಲ್ಲಿ ಎರಡು ಬಾರಿ ಹಚ್ಚಿ. ಮನೆಯಲ್ಲಿದೆಯೆಂದು ತೆಂಗಿನೆಣ್ಣೆ ಸವರಬೇಡಿ. ಅದು ಚರ್ಮವನ್ನು ಕಪ್ಪಾಗಿಸಿ, ಕ್ರಮೇಣ ಕನರುವಾಸನೆ ಹಿಡಿಸಬಹುದು.

ಬಣ್ಣವೆಲ್ಲ ಹೋದ ಮೇಲೂ ಓರೆಬೆಳಕಿನಲ್ಲಿ ಚಿತ್ರದ ನೆರಳು ಕಾಣುತ್ತದೆ, ಏಕೆಂದರೆ ಬಣ್ಣದ ಅಡಿಯಲ್ಲಿದ್ದ ಚರ್ಮ ಬಿಸಿಲು ಕಾಣದೆ ಗಾಢವಾಗಿಯೇ ಉಳಿದಿರುತ್ತದೆ. ಅದನ್ನು ಮುಚ್ಚಲು ಬೆನ್ನಿನ ಇಡೀ ತುಂಡಿಗೆ, ಹೊಲಿಗೆಯಿಂದ ಹೊಲಿಗೆಯವರೆಗೆ, ಚರ್ಮದ ಬಣ್ಣ ಹಚ್ಚಬೇಕಾಗುತ್ತದೆ; ಕಲೆಯ ಮೇಲಷ್ಟೇ ಹಚ್ಚಿದರೆ ತೇಪೆಯಂತೆ ಕಾಣುತ್ತದೆ. ನಾನಂತೂ ಆ ಹದ್ದಿನ ನೆರಳನ್ನು ಹಾಗೆಯೇ ಬಿಟ್ಟಿದ್ದೇನೆ.