ತಂದಿದ್ದು ಸೌಂಡ್‌ಬಾರ್, ಕೆಲಸಕ್ಕೆ ಬಂದಿದ್ದು ಕೌದಿ

ಯುಗಾದಿಗೆ 55 ಇಂಚಿನ ಟಿವಿ ತಂದೆವು. ಚಿತ್ರ ಸೂಪರ್. ಆದರೆ ಈಗಿನ ಟಿವಿಗಳು ಹಪ್ಪಳದಷ್ಟು ತೆಳ್ಳಗೆ, ಸ್ಪೀಕರ್ ಕೆಳಗಡೆ ನೆಲ ನೋಡಿಕೊಂಡು ಇರುತ್ತದೆ. ಅವ್ವ ಧಾರಾವಾಹಿಗೆ ಕೂತರೆ "ಏನ್ ಮಾತಾಡಾಕತ್ಯಾರೋ ಒಂದೂ ತಿಳಿವಲ್ದು" ಅನ್ನುವುದು, ನಾನು ಸೌಂಡ್ ಜಾಸ್ತಿ ಮಾಡುವುದು, ಅಷ್ಟರಲ್ಲಿ ಹಿನ್ನೆಲೆ ಸಂಗೀತ ಓಣಿಗೆಲ್ಲ ಕೇಳುವುದು, ಮತ್ತೆ ರಿಮೋಟ್ ಹುಡುಕುವುದು. ದಿನಾ ಇದೇ.

ಟಿವಿ ಕೆಳಗೆ ಇಡುವ ಉದ್ದನೆಯ ಸ್ಪೀಕರ್, ಅದೇ ಸೌಂಡ್‌ಬಾರ್, ತರೋಣ ಅಂತ ಹೋದೆ. ಅಂಗಡಿಯವರು ಮೊದಲು ತೋರಿಸಿದ್ದು ಮೇಲ್ಮುಖ ಸ್ಪೀಕರ್ ಇರುವ ಅಟ್ಮಾಸ್ ಮಾಡೆಲ್. ಅದರ ಸದ್ದು ಸೂರಿಗೆ ಬಡಿದು ತಲೆ ಮೇಲಿಂದ ಬಂದ ಹಾಗೆ ಕೇಳಬೇಕು. ನಮ್ಮದು ರಾಯಚೂರಿನ ಹಳೇ ಮನೆ, ಮೇಲೆ ತೊಲೆ, ಜಂತಿ. ಸೂರೇ ಸಪಾಟಾಗಿಲ್ಲ ಅಂದಮೇಲೆ ಸದ್ದು ಸರಿಯಾಗಿ ವಾಪಸ್ ಬರುವುದಾದರೂ ಹೇಗೆ? ಆ ದುಡ್ಡು ಉಳಿಸಿ 3.1 ತಗೊಂಡೆ. ಎಡ, ಬಲ, ನಡುವೆ ಒಂದು, ಜೊತೆಗೆ ದಪ್ಪ ಸದ್ದಿಗೆ ಬೇರೆಯೇ ಒಂದು ಡಬ್ಬಿ, ಅದೇ ವೂಫರ್. 2.1ರಲ್ಲಿ ಆ ನಡುವಿನದು ಇರುವುದಿಲ್ಲ, ಸಿನಿಮಾದ ಮಾತುಗಳು ಹೆಚ್ಚಾಗಿ ಬರುವುದೇ ಅದರಿಂದ. ಅವ್ವನಿಗೆ ಬೇಕಾಗಿದ್ದು ಮಾತು ತಾನೇ.

ಮೊದಲ ದಿನ ಸುಮ್ನೆ ಬ್ಲೂಟೂತ್‌ನಲ್ಲಿ ಜೋಡಿಸಿದೆ. ಮಗ ಪಿಎಸ್ 5 (ಟಿವಿಯಲ್ಲಿ ಗೇಮ್ ಆಡುವ ಪೆಟ್ಟಿಗೆ) ಹಚ್ಚಿ ಎರಡೇ ನಿಮಿಷಕ್ಕೆ "ಪಪ್ಪಾ, ಗುಂಡು ಹೊಡೆದ ಮೇಲೆ ಸದ್ದು ಬರ್ತದ" ಅಂದ. ಬ್ಲೂಟೂತ್‌ನಲ್ಲಿ ಸದ್ದು ಕಾಲು ಸೆಕೆಂಡಿನವರೆಗೂ ತಡವಾಗಬಹುದು. ಹಾಡಿಗೆ ಪರವಾಗಿಲ್ಲ, ಗೇಮ್‌ಗೆ ಆಗುವುದಿಲ್ಲ. ಬ್ಲೂಟೂತ್ ತೆಗೆದು ಎಚ್‌ಡಿಎಂಐ ಕೇಬಲ್ ಹಾಕಿದೆ, ಅದೂ ಟಿವಿ ಹಿಂದೆ 'ಇಆರ್ಕ್' (eARC) ಅಂತ ಬರೆದ ಜಾಗಕ್ಕೇ. ಬೇರೆ ತೂತಿಗೆ ಹಾಕಿದರೆ ಟಿವಿಯ ಸದ್ದು ಬಾರ್‌ಗೆ ಹೋಗುವುದೇ ಇಲ್ಲ. ನಮ್ಮ ಟಿವಿಯಲ್ಲಿ 120 ಹರ್ಟ್ಸ್, ಅಂದರೆ ಸೆಕೆಂಡಿಗೆ 120 ಚಿತ್ರ, ಬರುವ ಪೋರ್ಟ್ ಎರಡೇ, ಅದರಲ್ಲಿ ಒಂದು ಇದೇ! ಉಳಿದ ಒಂದು ಪಿಎಸ್‌ಗೆ ಹೋಯಿತು. ಜೊತೆಗೆ ಚಿತ್ರವೂ ತಡವಾಗದಿರಲಿ ಅಂತ ಟಿವಿಯ ಗೇಮ್ ಮೋಡ್ ಆನ್ ಮಾಡಿದೆ. ಸಿಇಸಿ ಅನ್ನುವ ಸೆಟ್ಟಿಂಗ್ ಆನ್ ಮಾಡಿದ್ದಕ್ಕೆ ಅವ್ವನಿಗೆ ಒಂದೇ ರಿಮೋಟ್ ಸಾಕಾಯಿತು.

ಆದರೂ ಸಿನಿಮಾದ ಮಾತು ಸಣ್ಣಗೇ ಇತ್ತು. ಎರಡು ದಿನ ಬಾರ್ ಅನ್ನೇ ಬೈದೆ. ಆಮೇಲೆ ನೋಡಿದರೆ ಟಿವಿಯ ಸೌಂಡ್ ಔಟ್‌ಪುಟ್ 'ಪಿಸಿಎಂ'ನಲ್ಲಿತ್ತು. ಅಂದರೆ ಐದು ಸ್ಪೀಕರ್, ಒಂದು ವೂಫರ್‌ಗೆ ಅಂತ ಬರುವ 5.1 ಸದ್ದನ್ನೆಲ್ಲ ನಮ್ಮ ಟಿವಿ ಎಡ, ಬಲ ಎರಡಕ್ಕೆ ಇಳಿಸಿ ಕಳಿಸುತ್ತಿತ್ತು. ಬಂದ ಸದ್ದನ್ನು ಹಾಗೇ ದಾಟಿಸುವ 'ಪಾಸ್‌ಥ್ರೂ'ಗೆ ಬದಲಾಯಿಸಿದ ಮೇಲೆ ಮಾತು ನಡುವಿನ ಸ್ಪೀಕರ್‌ಗೆ ಬಂತು.

ಇನ್ನು ವೂಫರ್. ಮೂಲೆಯಲ್ಲಿ ಇಟ್ಟಿದ್ದೆ, ಗುಂಯ್ ಅನ್ನುತ್ತಿತ್ತು. ಎಲ್ಲಿ ಇಡಬೇಕು ಅಂತ ಗೊತ್ತಾಗಲು ಒಂದು ಹಳೇ ಉಪಾಯ ಇದೆ, ನಗಬೇಡಿ. ವೂಫರನ್ನೇ ಎತ್ತಿ ಸೋಫಾದ ಮೇಲೆ ನಾವು ಕೂರುವ ಜಾಗದಲ್ಲಿ ಇಟ್ಟು, ಹಲಗೆ ಬಡಿತ ಇರುವ ಹಾಡು ಹಚ್ಚಿ, ನಾನು ಗೋಡೆಗುಂಟ ಅಂಬೆಗಾಲಿಟ್ಟು ಹೊರಟೆ. ಬಡಿತ ಎಲ್ಲಿ ಬಿಡಿಬಿಡಿಯಾಗಿ ಕೇಳುತ್ತದೋ ಅದೇ ವೂಫರ್ ಜಾಗ. ನಮ್ಮಲ್ಲಿ ಅದು ಮೂಲೆಯಿಂದ ಮೂರು ಅಡಿ ಈಚೆ, ಕುಡಿಯುವ ನೀರಿನ ಸ್ಟ್ಯಾಂಡ್ ಪಕ್ಕ ಸಿಕ್ಕಿತು. ಹೆಂಡತಿ ಇದನ್ನೆಲ್ಲ ವಿಡಿಯೋ ಮಾಡಿಕೊಂಡಿದ್ದಾಳೆ, ಅದು ಬೇರೆ ಮಾತು.

ಇಷ್ಟಾದರೂ ಏನೋ ಕೊಳವೆಯೊಳಗಿಂದ ಮಾತಾಡಿದ ಹಾಗೆ ಇತ್ತು. ನಡುಮನೆಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿದೆ. ಟ್ಯಾಂವ್ ಅಂತ ಎಳೆಯಿತು. ನೆಲಕ್ಕೆ ಶಹಾಬಾದ್ ಫರಸಿ, ಗೋಡೆ ಕಲ್ಲು, ಪರದೆ ಇಲ್ಲ. ಸದ್ದು ಕುಡಿಯುವಂಥದ್ದು ಒಂದೂ ಇಲ್ಲ! ಟ್ರಂಕಿನಲ್ಲಿದ್ದ ಅಜ್ಜಿ ಹೊಲಿದ ಕೌದಿ ತೆಗೆದೆ. ಹಳೇ ಸೀರೆ, ಧೋತರ ಆರೇಳು ಪದರ ಸೇರಿಸಿ ಒತ್ತೊತ್ತಾಗಿ ಹೊಲಿದದ್ದು, ಎತ್ತಿದರೆ ಕೈ ಸೋಲುವಷ್ಟು ಭಾರ. ಒಂದು ಕೋಲಿಗೆ ಹಾಕಿ ಸೋಫಾದ ಹಿಂದಿನ ಗೋಡೆಗೆ ತೂಗುಹಾಕಿದೆ. ಗೋಡೆಗೆ ಅಂಟಿಸದೆ ಮೂರು ಬೆರಳಷ್ಟು ಜಾಗ ಬಿಟ್ಟೆ, ಹಾಗೆ ಬಿಟ್ಟರೆ ಸದ್ದನ್ನು ಚೆನ್ನಾಗಿ ಹೀರುತ್ತದೆ. ವೂಫರ್‌ನ ಗುಂಯ್‌ಗೆ ಕೌದಿ ಏನೂ ಮಾಡುವುದಿಲ್ಲ, ಅದಕ್ಕೆ ಜಾಗ ಬದಲಿಸುವುದೇ ಮದ್ದು. ಆದರೆ ಮಾತು? ಮತ್ತೆ ಚಪ್ಪಾಳೆ ತಟ್ಟಿದೆ, ಟಪ್ ಅಂತ ಅಲ್ಲೇ ನಿಂತಿತು. ಆ ರಾತ್ರಿ ವಾಲ್ಯೂಮ್ 30ರಿಂದ 18ಕ್ಕೆ ಇಳಿಯಿತು.

ಮೇ ತಿಂಗಳಲ್ಲಿ ಇನ್ನೊಂದು ಪಾಠ ಆಯಿತು. ಪಿಎಸ್ ಅನ್ನು ಗಾಜಿನ ಬಾಗಿಲಿನ ಶೋಕೇಸ್ ಒಳಗೆ ಇಟ್ಟಿದ್ದೆ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಒಳಗೆ ಅದು ತನ್ನದೇ ಬಿಸಿ ಗಾಳಿ ಎಳೆದುಕೊಂಡು ಕೂಗುತ್ತಿತ್ತು. ಹೊರಗೆ ತೆಗೆದು, ಹಿಂದೆ ಒಂದು ಗೇಣು ಜಾಗ ಬಿಟ್ಟೆ. ಸುಮ್ಮನಾಯಿತು.

ಅವ್ವನಿಗೆ ಈಗ ಮಾತು ತಿಳಿಯುತ್ತದೆ, ಕೌದಿ ಬಗ್ಗೆ ಮಾತ್ರ ಇನ್ನೂ ಸಿಟ್ಟು. "ನಮ್ಮವ್ವ ಹೊಲಿದಿದ್ದು, ಗ್ವಾಡಿಗಿ ಹೊಚ್ಚಾಕೇನು?" ಅಂತಾಳೆ. ಚಳಿ ಶುರುವಾದರೆ ಇಳಿಸಿಕೊಡಬೇಕಂತೆ. ಅಷ್ಟರೊಳಗೆ ಒಂದು ದಪ್ಪನೆಯ ಹಳೇ ಜಮಖಾನ ಹುಡುಕಬೇಕು.