ಟರ್ಬೊ ಬಿಚ್ಚದೆಯೇ ಬೂಸ್ಟ್ ಸರಿಯಾಯಿತು: ಹಳೆಯ ಡೀಸೆಲ್ ಕಾರಿನಲ್ಲಿ ನಾನು ಹಿಡಿದ ದಾರಿ

ನೋಡಿದವರೆಲ್ಲ ಈ ಗಾಡಿಗೆ ಕೊಟ್ಟ ತೀರ್ಪು ಒಂದೇ: ಟರ್ಬೊ (ಎಕ್ಸಾಸ್ಟಿನ ಬಲದಿಂದ ಎಂಜಿನ್ನಿಗೆ ಗಾಳಿ ತುರುಕುವ ಯಂತ್ರ) ಹೋಗಿದೆ, ಬದಲಿಸಿ. ಅದೇ ಟರ್ಬೊ ಈಗಲೂ ಅದೇ ಮ್ಯಾನಿಫೋಲ್ಡಿನ ಮೇಲೆ ಕೂತಿದೆ. ಮೂರನೇ ಗೇರಿನಲ್ಲಿ 2000 ಆರ್‌ಪಿಎಂ ಮುಟ್ಟುವಷ್ಟರಲ್ಲಿ ಪೂರ್ತಿ ಬೂಸ್ಟ್, ಅಂದರೆ ಗಾಳಿಯ ಒತ್ತಡ, ಕೊಡುತ್ತಿದೆ. ಬದಲಿಸಿದ್ದು ಒಂದು ಸೊಲೆನಾಯ್ಡ್ (ಕರೆಂಟಿನಿಂದ ವ್ಯಾಕ್ಯೂಮ್ ಬಿಡುವ, ತಡೆಯುವ ವಾಲ್ವ್), ಒಂದು ಒನ್‌ವೇ ವಾಲ್ವ್, ಮೂರು ಮೀಟರಿನಷ್ಟು ವ್ಯಾಕ್ಯೂಮ್ ಹೋಸ್. ಇವೆಲ್ಲ ಸೇರಿ ಹೊಸ ಟರ್ಬೊ ಬೆಲೆಯ ಹತ್ತನೇ ಒಂದು ಪಾಲೂ ಆಗಲಿಲ್ಲ.

ಗಾಡಿ 1.9 ಲೀಟರ್, ನಾಲ್ಕು ಸಿಲಿಂಡರ್, ವೇನ್ (ಎಕ್ಸಾಸ್ಟಿನ ದಾರಿ ಕಿರಿದು ಮಾಡುವ ರೆಕ್ಕೆ) ಇರುವ ಟರ್ಬೊ, ಅದನ್ನು ರಾಡಿನಿಂದ ಎಳೆಯುವ ವ್ಯಾಕ್ಯೂಮ್ ಆಕ್ಚುಯೇಟರ್. ಎಂಎಎಫ್ (ಒಳಹೋಗುವ ಗಾಳಿಯ ತೂಕ ಅಳೆಯುವ ಸೆನ್ಸರ್), ಎಂಎಪಿ (ಇನ್‌ಟೇಕಿನ ಒತ್ತಡ ಅಳೆಯುವ ಸೆನ್ಸರ್) ಎರಡೂ ಇವೆ. ದೂರು ಇಷ್ಟೇ: 2500ರವರೆಗೆ ಎಳೆತವೇ ಇಲ್ಲ, ಆಮೇಲೆ ಒಮ್ಮೆಲೇ ನುಗ್ಗುತ್ತದೆ. ಕಪ್ಪು ಹೊಗೆ ಇಲ್ಲ, ಶಿಳ್ಳೆ ಇಲ್ಲ, ಸ್ಕ್ಯಾನರಿನಲ್ಲಿ ಒಂದು ಕೋಡೂ ಇಲ್ಲ. ಕೋಡ್ ಇಲ್ಲದ್ದಕ್ಕೆ ಕಾರಣವಿದೆ. ಬೂಸ್ಟ್ ತಡವಾಗಿಯಾದರೂ ಗುರಿ ಮುಟ್ಟುತ್ತದೆ. ವ್ಯತ್ಯಾಸ ಹೆಚ್ಚು ಹೊತ್ತು ಉಳಿದರೆ ಮಾತ್ರ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಕೋಡ್ ಬರೆಯುತ್ತದೆ. ಹಾಗಾಗಿ ಕೋಡ್ ಇಲ್ಲವೆಂದರೆ ಕಂಟ್ರೋಲ್ ಸರಿಯಿದೆ, ತಪ್ಪು ಟರ್ಬೊದ್ದೇ ಎಂಬ ವಾದ ನಿಲ್ಲುವುದಿಲ್ಲ.

ಮೊದಲ ಕೆಲಸ ಲಾಗ್, ಅಂದರೆ ಓಡುವಾಗ ಸೆನ್ಸರುಗಳ ಅಂಕಿ ದಾಖಲಿಸುವುದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಖಾಲಿ ನೇರ ರಸ್ತೆಯಲ್ಲಿ, ಮೂರನೇ ಗೇರ್, 1500ರಿಂದ ಪೆಡಲ್ ತಳಕ್ಕೆ ಒತ್ತಿ 3500ರವರೆಗೆ. ಸ್ಟೀರಿಂಗ್ ಒಬ್ಬರ ಕೈಯಲ್ಲಿ, ಲ್ಯಾಪ್‌ಟಾಪ್ ಇನ್ನೊಬ್ಬರ ಕೈಯಲ್ಲಿ. ಇಸಿಯು ಕೇಳಿದ ಬೂಸ್ಟ್, ಬಂದ ಬೂಸ್ಟ್, ಸೊಲೆನಾಯ್ಡ್ ಡ್ಯೂಟಿ (ಇಸಿಯು ಅದನ್ನು ಶೇಕಡಾ ಎಷ್ಟು ಹೊತ್ತು ಆನ್ ಇಡುತ್ತದೆ ಎಂಬುದು), ಎಂಎಎಫ್ ಈ ನಾಲ್ಕು ಸಾಕು. ಅಗ್ಗದ ಡಾಂಗಲ್‌ಗಳಲ್ಲಿ (ಕಾರಿಗೆ ಸಿಕ್ಕಿಸುವ ಸ್ಕ್ಯಾನರ್) ಚಾನೆಲ್ ಹೆಚ್ಚಿದಷ್ಟೂ ಓದುವ ವೇಗ ಕುಸಿಯುತ್ತದೆ. ಸೆಕೆಂಡಿಗೆ ಒಂದೇ ಸಾಲು ಬಂದರೆ ತಡವಾದ ಬೂಸ್ಟು ಅದರಲ್ಲಿ ಸರಿಯಾಗಿ ಕಾಣುವುದಿಲ್ಲ. ಓಡಿಸುವ ಮೊದಲು ಎಂಜಿನ್ ನಿಲ್ಲಿಸಿ, ಕೀ ಆನ್ ಮಾಡಿ ಎಂಎಪಿ ಓದಿ. ಸಮುದ್ರ ಮಟ್ಟದಲ್ಲಿ 1000 ಮಿಲಿಬಾರಿನ ಆಸುಪಾಸು ಇರಬೇಕು, ಸಾವಿರ ಮೀಟರ್ ಎತ್ತರದಲ್ಲಿ 900. ಅದೇ ತಪ್ಪಿದ್ದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ.

ಇನ್ನು ಈ ಬರಹದ ತಿರುಳು. ಬಹಳ ಜನ ಬೂಸ್ಟನ್ನಷ್ಟೇ ನೋಡುತ್ತಾರೆ. ನಾನು ಬೂಸ್ಟನ್ನೂ ಗಾಳಿಯನ್ನೂ ಒಂದೇ ಆರ್‌ಪಿಎಂನಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತೇನೆ. 1.9 ಲೀಟರ್ ಎಂದರೆ ಸಿಲಿಂಡರಿಗೆ 475 ಸಿಸಿ. ಇಂಟರ್‌ಕೂಲರ್ (ಟರ್ಬೊದಿಂದ ಬಂದ ಗಾಳಿಯನ್ನು ತಣಿಸುವ ಭಾಗ) ದಾಟಿದ ಗಾಳಿ 45–50 ಡಿಗ್ರಿ ಇದ್ದು, ಸಿಲಿಂಡರ್ ಶೇ. 85ರಷ್ಟು ತುಂಬುತ್ತದೆ ಎಂದಿಟ್ಟುಕೊಂಡರೆ, ಒಟ್ಟು ಒತ್ತಡ 1500 ಮಿಲಿಬಾರ್ ಇರುವಾಗ ಸ್ಟ್ರೋಕಿಗೆ ಸುಮಾರು 660 ಮಿಲಿಗ್ರಾಂ ಗಾಳಿ ಹೋಗಬೇಕು. 2000 ಮಿಲಿಬಾರಿನಲ್ಲಿ 870ರ ಸುತ್ತಮುತ್ತ. ಎಂಎಪಿ 1500 ತೋರಿಸುವಾಗ ಎಂಎಎಫ್ 800 ದಾಟಿದ್ದರೆ ಒಳಗೆಳೆದ ಗಾಳಿ ಸಿಲಿಂಡರಿಗೆ ಸೇರುತ್ತಿಲ್ಲ, ನಡುವೆ ಎಲ್ಲೋ ಸೋರಿಕೆ. ಎಂಎಎಫ್ 450ಕ್ಕೆ ನಿಂತಿದ್ದರೆ ಒಂದೋ ಇಜಿಆರ್ (ಎಕ್ಸಾಸ್ಟ್ ಹೊಗೆಯ ಪಾಲನ್ನು ಮತ್ತೆ ಇನ್‌ಟೇಕಿಗೆ ಬಿಡುವ ವಾಲ್ವ್) ತೆರೆದುಕೊಂಡಿದೆ, ಇಲ್ಲವೇ ಇನ್‌ಟೇಕಿನಲ್ಲಿ ಮಸಿ ಕಟ್ಟಿ ದಾರಿ ಕಿರಿದಾಗಿದೆ, ಇಲ್ಲವೇ ಎಂಎಎಫ್ ಸೆನ್ಸರೇ ಸತ್ತಿದೆ. ಎರಡೂ ಒಂದಕ್ಕೊಂದು ಹೊಂದುತ್ತಿದ್ದು, ಎರಡೂ ಕಡಿಮೆ ಇದ್ದರೆ ಹೋಸು, ಇಂಟರ್‌ಕೂಲರ್ ತಂಟೆಗೆ ಹೋಗಬೇಡಿ. ಟರ್ಬೈನಿಗೆ ಶಕ್ತಿ ಸಾಲುತ್ತಿಲ್ಲ, ಅಥವಾ ವೇನ್ ಮುಚ್ಚುತ್ತಿಲ್ಲ. ಈ ಒಂದೇ ಹೋಲಿಕೆ ಅರ್ಧ ಬಿಚ್ಚಾಟ ಉಳಿಸುತ್ತದೆ.

ನಮ್ಮ ಗಾಡಿಯಲ್ಲಿ 2000 ಆರ್‌ಪಿಎಂಗೆ ಕೇಳಿದ್ದು 1950 ಮಿಲಿಬಾರಿನಷ್ಟು, ಬಂದದ್ದು 1450–1500, ಎಂಎಎಫ್ 640 ಮಿಲಿಗ್ರಾಂ ಆಚೀಚೆ. ಎರಡೂ ಹೊಂದುತ್ತವೆ. ಅಂದರೆ ಸೋರಿಕೆ ಅಲ್ಲ. ಅಷ್ಟಾದರೂ ಇತರರ ಒತ್ತಾಯಕ್ಕೆ ಪ್ರೆಶರ್ ಟೆಸ್ಟ್ ಆಯಿತು: ಟರ್ಬೊ ಬಾಯಿಗೆ ಪಿವಿಸಿ ಮುಚ್ಚಳ, ಅದಕ್ಕೆ ಟೈರ್ ವಾಲ್ವ್, ರೆಗ್ಯುಲೇಟರಿನಲ್ಲಿ ಒಂದು ಬಾರ್ ದಾಟದಂತೆ ಗಾಳಿ, ಸೋಪಿನ ನೀರು. ಎಲ್ಲೂ ಗುಳ್ಳೆ ಇಲ್ಲ. ಈ ಟೆಸ್ಟ್ ಮಾಡುವಾಗ ಆಯಿಲ್ ಮುಚ್ಚಳ ತೆಗೆದಿಡಿ. ಗಾಳಿ ಪಿಸ್ಟನ್ ರಿಂಗ್ ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿದು ಸೀಲ್ ಹಾರಿಸಬಲ್ಲದು. ಸ್ಮೋಕ್ ಮೆಷಿನ್ ಮೇಲೆ ನನಗೆ ನಂಬಿಕೆ ಕಡಿಮೆ. ಹೋಸಿನ ಅಡಿಭಾಗದಲ್ಲಿ ಒತ್ತಡ ಬಂದಾಗಷ್ಟೇ ಬಾಯಿಬಿಡುವ ಬಿರುಕು ಅದರ ಕಡಿಮೆ ಒತ್ತಡಕ್ಕೆ ತೆರೆಯುವುದೇ ಇಲ್ಲ. ಅಂಥ ಅನುಮಾನವಿದ್ದರೆ ಜಾಯಿಂಟನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ, ಬಿಳಿ ಬಟ್ಟೆ ಬಿಗಿಯಾಗಿ ಸುತ್ತಿ ಒಂದು ಸುತ್ತು ಓಡಿಸಿ ಬನ್ನಿ. ಎಣ್ಣೆ ಮಂಜು ಬಟ್ಟೆಯ ಮೇಲೆ ಜಾಗ ಗುರುತಿಸಿಕೊಡುತ್ತದೆ.

ಡ್ಯೂಟಿ ಸಾಲು ಮುಂದಿನ ಸುಳಿವು. 1700ರಿಂದ 2500ರವರೆಗೆ ಶೇ. 90ರ ಹತ್ತಿರ ಅಂಟಿಕೊಂಡಿತ್ತು. ಇಸಿಯು ವೇನ್ ಮುಚ್ಚು ಎಂದು ಪೂರ್ತಿ ಬಲದಿಂದ ಕೇಳುತ್ತಲೇ ಇದೆ, ಬೂಸ್ಟ್ ಬರುತ್ತಿಲ್ಲ. ಕೆಲವು ಗಾಡಿಗಳಲ್ಲಿ ಈ ಶೇಕಡಾ ತಿರುಗುಮುರುಗಾಗಿರುತ್ತದೆ. ಐಡಲಿನಲ್ಲಿ ವ್ಯಾಕ್ಯೂಮ್ ಗೇಜ್ ಇಟ್ಟು ಯಾವ ದಿಕ್ಕೆಂದು ಖಚಿತಪಡಿಸಿಕೊಂಡೇ ಅರ್ಥ ಮಾಡಿ.

ಕೈಪಂಪ್ ನೇರವಾಗಿ ಆಕ್ಚುಯೇಟರಿಗೆ. 150–200 ಮಿಲಿಬಾರ್ ವ್ಯಾಕ್ಯೂಮಿಗೆ ರಾಡ್ ಅಲುಗಿತು, 600ರ ಸುಮಾರಿಗೆ ಸ್ಟಾಪಿಗೆ ಮುಟ್ಟಿತು, ನಿಂತಲ್ಲೇ ನಿಂತಿತು. ಓಟ ಒಂದು ಸೆಂಟಿಮೀಟರಿನಷ್ಟು, ನಡುವೆ ಎಲ್ಲೂ ಹಿಡಿಯಲಿಲ್ಲ. ವೇನಿಗೆ ಮಸಿ ಹಿಡಿದಿದ್ದರೆ ರಾಡ್ ತಡೆತಡೆದು ಏರುತ್ತದೆ, ಬಿಟ್ಟಾಗ ಒಮ್ಮೆಲೇ ಬೀಳುತ್ತದೆ. ಅಂದಮೇಲೆ ಟರ್ಬೊ ನಿರ್ದೋಷಿ. ಇಲ್ಲಿಗೇ ಜಗಳ ಮುಗಿಯಬೇಕಿತ್ತು. ಆದರೆ ಐಡಲಿನಲ್ಲಿ ಎಂಜಿನ್ನಿನ ವ್ಯಾಕ್ಯೂಮ್ ಪಂಪಿನ ಬಳಿ ಅಳೆದದ್ದು 850 ಇತ್ತು, ಕಂಪನಿ ಲೆಕ್ಕದಲ್ಲಿ ಅತ್ಯುತ್ತಮ. "ವ್ಯಾಕ್ಯೂಮ್ ಸರಿಯಿದೆ, ಆಕ್ಚುಯೇಟರ್ ಸರಿಯಿದೆ, ಇನ್ನೇನು, ಟರ್ಬೊನೇ" ಎಂದು ಮಾತು ಮತ್ತೆ ಅಲ್ಲಿಗೇ ಬಂತು.

ಪಂಪಿನ ಬಳಿ, ಐಡಲಿನಲ್ಲಿ, ತಣ್ಣಗಿರುವಾಗ ಅಳೆದದ್ದಕ್ಕೆ ಬೆಲೆ ಕಡಿಮೆ. ಅಳೆಯಬೇಕಾದದ್ದು ಆಕ್ಚುಯೇಟರಿನ ಮೂತಿಯಲ್ಲಿ, ಓಡುವಾಗ, ಬಿಸಿಯಲ್ಲಿ. ಆಕ್ಚುಯೇಟರಿಗೆ ಒಂದು ಬೆರಳಿನಷ್ಟು ಹಿಂದೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ, ದಪ್ಪ ಗೋಡೆಯ ಹೋಸನ್ನು ಬಾನೆಟ್ ಸಂದಿಯಿಂದ ಒಳಗೆ ತಂದು, ಗೇಜನ್ನು ಗಾಜಿನ ಬಳಿ ಅಂಟಿಸಿದ್ದೇ ಇಡೀ ಕೆಲಸದ ತಿರುವು. ಉದ್ದ ಹೋಸ್ ಸೇರಿದ್ದರಿಂದ ಸ್ಪಂದನ ಸ್ವಲ್ಪ ನಿಧಾನವಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ನೋಡುತ್ತಿರುವುದು ಗರಿಷ್ಠ ಎಷ್ಟಕ್ಕೆ ಮುಟ್ಟುತ್ತದೆ ಎಂಬುದನ್ನು. ತಣ್ಣಗಿರುವಾಗ ಮುಳ್ಳು 650. ಬಿಸಿಯಾಗಿ, ಟ್ರಾಫಿಕ್ಕಿನಲ್ಲಿ ಬ್ರೇಕ್ ಒತ್ತುತ್ತ ಬಂದ ಮೇಲೆ ಪೆಡಲ್ ಒತ್ತಿದರೆ 400ರಿಂದ 450. ಆ ವ್ಯಾಕ್ಯೂಮಿಗೆ ವೇನ್ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. 2500 ದಾಟಿದ ಮೇಲೆ ಎಕ್ಸಾಸ್ಟ್ ತಾನೇ ಸಾಕಷ್ಟು ಬರುವುದರಿಂದ ಗಾಡಿ ಎಳೆಯುತ್ತದೆ. ದೂರಿನ ಅಕ್ಷರಕ್ಷರವೂ ಇದಕ್ಕೆ ಹೊಂದುತ್ತದೆ.

ಕಾರಣ ಮೂರು, ಒಂದೊಂದೂ ಸಣ್ಣದು. ಅದೇ ವ್ಯಾಕ್ಯೂಮ್ ಬಳಸುವ ಬ್ರೇಕ್ ಬೂಸ್ಟರ್ ಕಡೆಯ ಒನ್‌ವೇ ವಾಲ್ವ್ ಹಿಮ್ಮುಖವಾಗಿ ಬಿಡುತ್ತಿತ್ತು, ಹಾಗಾಗಿ ಪ್ರತಿ ಬ್ರೇಕಿನ ನಂತರ ಲೈನ್ ಬರಿದಾಗುತ್ತಿತ್ತು. ಎಕ್ಸಾಸ್ಟಿನ ಬದಿಯ ಹೋಸ್ ಬಿಸಿಗೆ ಮೆತ್ತಗಾಗಿ ನಿಪ್ಪಲಿನ ಮೇಲೆ ಸಡಿಲವಾಗುತ್ತಿತ್ತು. ಮೂರನೆಯದು ಸೊಲೆನಾಯ್ಡ್. ಕಾಯಿಲ್ ತಣ್ಣಗಿದ್ದಾಗ 16 ಓಮ್, ಎಂಜಿನ್ ಕಾವಿನಲ್ಲಿ 20. ತಾಮ್ರದ ರೋಧ ಡಿಗ್ರಿಗೆ ಶೇ. 0.4ರಷ್ಟು ಏರುತ್ತದೆ, ಅದು ಎಲ್ಲ ಕಾಯಿಲಿಗೂ ಸಹಜ. ಆದರೆ ಒಳಗಿನ ಸೀಟ್ ಸವೆದ ಸೊಲೆನಾಯ್ಡ್ ಆ ಕಡಿಮೆ ಕರೆಂಟಿನಲ್ಲಿ ಪೂರ್ತಿ ಮುಚ್ಚಿಕೊಳ್ಳಲಾರದು. ಸೊಲೆನಾಯ್ಡಿನ ಗಾಳಿ ಫಿಲ್ಟರ್ ತೊಳೆಯಿರಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಈ ಜಾತಿಯ ಟರ್ಬೊದಲ್ಲಿ ಆ ಫಿಲ್ಟರ್ ಕಟ್ಟಿದರೆ ವ್ಯಾಕ್ಯೂಮ್ ಇಳಿಯುವುದು ತಡವಾಗುತ್ತದೆ, ಫಲ ಓವರ್‌ಬೂಸ್ಟ್. ತಡವಾದ ಬೂಸ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಖಚಿತಪಡಿಸಲು ಸೊಲೆನಾಯ್ಡ್ ಬಿಟ್ಟು ಆಕ್ಚುಯೇಟರನ್ನು ನೇರ ವ್ಯಾಕ್ಯೂಮ್ ಪಂಪಿಗೆ ಸೇರಿಸಿ ಅರ್ಧ ಪೆಡಲಿನಲ್ಲಿ ಓಡಿಸಿದರೆ ಬೂಸ್ಟ್ ತಕ್ಷಣ ಚಿಮ್ಮಿತು. ಇದನ್ನು ಬೂಸ್ಟ್ ಅಂಕಿಯ ಮೇಲೆ ಕಣ್ಣಿಟ್ಟು, ವಾತಾವರಣದ ಮೇಲೆ ಒಂದು ಬಾರ್ ಮುಟ್ಟುವ ಮುನ್ನವೇ ಕಾಲು ತೆಗೆದು ಮಾಡಬೇಕು. ವೇನ್ ಮುಚ್ಚಿಯೇ ಇರುತ್ತದೆ, ತಡೆಯುವವರು ಯಾರೂ ಇಲ್ಲ. ಪೆಡಲ್ ತಳಕ್ಕೆ ಒತ್ತಿದರೆ ಟರ್ಬೊ ನಿಜವಾಗಿಯೂ ಹೋಗುತ್ತದೆ.

ನಡುವೆ ಒಂದು ಪ್ರಯೋಗ. ಬಣ್ಣದ ಸಿಲಿಕಾನ್ ಹೋಸ್ ಹಾಕಿ ನೋಡಿದಾಗ ತೆಳು ಗೋಡೆಯದು ಬಿಸಿಯಲ್ಲಿ ಬಾಗಿದ ಕಡೆ ಚಪ್ಪಟೆಯಾಯಿತು. ಗೋಡೆ ದಪ್ಪ ಇದ್ದರೆ ಮಾತ್ರ ಬಾಳುತ್ತದೆ. ನೂಲು ಸುತ್ತಿದ ರಬ್ಬರ್ ಹೋಸೇ ನನ್ನ ಆಯ್ಕೆ. ಇಜಿಆರ್ ಪೈಪಿಗೆ ತಾತ್ಕಾಲಿಕ ಸ್ಟೀಲ್ ತಗಡು ಕೊಟ್ಟೂ ಲಾಗ್ ತೆಗೆದಾಯಿತು. ಅಂಕಿ ಕದಲಲಿಲ್ಲ, ತಗಡು ತೆಗೆದಾಯಿತು.

ನಿಮ್ಮ ಗಾಡಿಯಲ್ಲಿ ಬಿಸಿಯಲ್ಲೂ 600ಕ್ಕೂ ಹೆಚ್ಚು ವ್ಯಾಕ್ಯೂಮ್ ಬಂದು, ರಾಡ್ ಸ್ಟಾಪಿಗೆ ಮುಟ್ಟಿ, ಆದರೂ ಬೂಸ್ಟ್ ತಡವಾದರೆ ಟರ್ಬೊಗೆ ಮುಂಚಿನ ಎಕ್ಸಾಸ್ಟ್ ನೋಡಿ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಜಿಆರಿನ ಸುಕ್ಕು ಪೈಪು: ಮಸಿ ಗೆರೆ, ತಣ್ಣಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು, ಇವೇ ಗುರುತು. ಕಟ್ಟಿದ ಡೀಸೆಲ್ ಫಿಲ್ಟರ್ ಕೂಡ ಇಂಧನ ಕಡಿಮೆ ಮಾಡಿ ಎಕ್ಸಾಸ್ಟಿನ ಕಾವನ್ನು ತಗ್ಗಿಸುತ್ತದೆ. ಕ್ಯಾಟ್ (ಎಕ್ಸಾಸ್ಟ್ ಹೊಗೆ ಶುದ್ಧಗೊಳಿಸುವ ಕನ್ವರ್ಟರ್) ಕಟ್ಟಿದ್ದರೆ ಎಳೆತ ಮೇಲಿನ ಆರ್‌ಪಿಎಂನಲ್ಲಿ ಸಾಯುತ್ತದೆ. ವೇನ್ ಸ್ಟಾಪ್ ಸ್ಕ್ರೂವನ್ನು ಮಾತ್ರ ಯಾರು ಏನೇ ಹೇಳಲಿ ಮುಟ್ಟಬೇಡಿ. ಅದು ಫ್ಲೋ ಬೆಂಚಿನ (ಗಾಳಿಯ ಹರಿವು ಅಳೆಯುವ ಯಂತ್ರ) ಮೇಲೆ ಕೂಡಿಸಿದ್ದು, ತಿರುಗಿಸಿದರೆ ಮತ್ತೆ ಹಳೆಯ ಜಾಗಕ್ಕೆ ತರಲು ಮನೆಯಲ್ಲಿ ದಾರಿಯಿಲ್ಲ.

ಕೆಲಸದ ನಂತರದ ಲಾಗಿನಲ್ಲಿ 2000 ಆರ್‌ಪಿಎಂಗೆ ಬಂದ ಬೂಸ್ಟ್ 1930ರಷ್ಟು, ಎಂಎಎಫ್ 840ರ ಮೇಲೆ, ಡ್ಯೂಟಿ ಶೇ. 60–65ಕ್ಕೆ ಇಳಿದಿದೆ. ಮೊದಲು ಗುರಿ ಮುಟ್ಟಲು ಐದು ಸೆಕೆಂಡಿನಷ್ಟು ಹಿಡಿಯುತ್ತಿದ್ದದ್ದು ಈಗ ಎರಡರ ಒಳಗೆ. ಟರ್ಬೊ ಬದಲಿಸಿ ಎಂದವರೇ ಈಗ ಈ ಗ್ರಾಫ್ ಕೇಳುತ್ತಾರೆ, ಕೊಡುತ್ತೇನೆ. ಆಕ್ಚುಯೇಟರ್ ರಾಡನ್ನು ಕೊನೆಯಲ್ಲಿ ಎಷ್ಟು ತಿರುಗಿಸಿದೆ ಎಂಬುದನ್ನೂ, ನಿಪ್ಪಲಿನ ಮೇಲೆ ಹೋಸ್ ಕೂರಿಸುವ ಮೊದಲು ಏನು ಹಚ್ಚುತ್ತೇನೆ ಎಂಬುದನ್ನೂ ಹೇಳುವುದಿಲ್ಲ. ಮೊದಲನೆಯದು ಪ್ರತಿ ಗಾಡಿಗೂ ಬೇರೆ: ಲಾಗ್ ನೋಡುತ್ತ ಕಾಲು ಸುತ್ತಿನಂತೆ ನೀವೇ ಹುಡುಕಬೇಕು.